ಬೇರುಗಂಟು ಹುಳ ತಡೆಯೋ ಸೀಬೆ ಗಿಡ ನಿಜವಾಗ್ಲೂ ಇದೆಯಾ? ಇದ್ರೆ ಎಲ್ಲಿ ಸಿಗುತ್ತೆ?

ಸೀಬೆತೋಟ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಸೀಬೆ ಬೆಳೆಯೋರು, ಕಸಿ ಕಟ್ಟೋರು, ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿದೋರು ಯಾರಾದ್ರೂ ಇದ್ರೆ ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ. ಸ್ವಲ್ಪ ಉದ್ದ ಇದೆ.

ನಮ್ಮದು ಪಾಂಡವಪುರ ತಾಲ್ಲೂಕು. ವಿ.ಸಿ. ನಾಲೆ ಕೆಳಗೆ ಗದ್ದೆ, ಅಲ್ಲಿ ಭತ್ತ, ಕಬ್ಬು. ನಾಲೆಗಿಂತ ಮೇಲಕ್ಕೆ ಒಂದೂವರೆ ಎಕರೆ ಕೆಂಪು ಮಣ್ಣಿನ ಹೊಲ, ಅದಕ್ಕೆ ಬೋರ್‌ವೆಲ್ ನೀರೇ ಗತಿ. ಮಾವನವರ ಕಾಲದಲ್ಲಿ ಅಲ್ಲಿ ರಾಗಿ, ಅವರೆ ಹಾಕ್ತಿದ್ರು, ಆಮೇಲೆ ಟೊಮೆಟೊ, ಬದನೆ. ಯಜಮಾನ್ರು ಮಂಡ್ಯಕ್ಕೆ ಕೆಲಸಕ್ಕೆ ಹೋಗೋದ್ರಿಂದ ಹೊಲ ನೋಡ್ಕೊಳ್ಳೋದು ನಾನೇ. ಆಳು ಕಡಿಮೆ ಬೇಡೋ ಬೆಳೆ ಅಂತ ಮೇಲಿನ ಹೊಲದಲ್ಲಿ ಒಂದು ಎಕರೆಗೆ ತೈವಾನ್ ಪಿಂಕ್ ಸೀಬೆ ಕೂರಿಸಿದೆ. ಸಾಲಿಗೆ ಹತ್ತು ಅಡಿ, ಗಿಡಕ್ಕೆ ಆರು ಅಡಿ, ಎಕರೆಗೆ 726 ಗಿಡದ ಲೆಕ್ಕ. ಗಿಡ ಬಂದಿದ್ದು ಹೊರರಾಜ್ಯದ ಒಂದು ನರ್ಸರಿಯಿಂದ, ಏಜೆಂಟ್ ಮೂಲಕ ಲಾರಿಯಲ್ಲಿ. ಹೆಸರು ಇಲ್ಲಿ ಬೇಡ.

ಮೊದಲನೇ ಫಸಲು ಬಹಳ ಚೆನ್ನಾಗಿ ಬಂತು. ಎರಡನೇ ಸಲ ರೆಂಬೆ ಸವರಿದ ಮೇಲೆ ತಗ್ಗಿನ ಕಡೆ ಸಾಲುಗಳು ಸರಿಯಾಗಿ ಚಿಗುರಲೇ ಇಲ್ಲ. ಎಲೆಯ ಅಂಚು ತಾಮ್ರದ ಬಣ್ಣಕ್ಕೆ ತಿರುಗಿತು, ಆಮೇಲೆ ಹಳದಿ, ಆಮೇಲೆ ಉದುರೋದು. ಕಾಯಿ ನಿಂಬೆ ಗಾತ್ರದಲ್ಲೇ ಗಟ್ಟಿಯಾಗಿ ನಿಂತುಬಿಡ್ತು. ಮಧ್ಯಾಹ್ನ ಹೊತ್ತು ನೀರು ಇದ್ದರೂ ಗಿಡ ಬಾಡುತ್ತೆ. ಅಂಗಡಿಯವರು ಒಂದು ಸಲ ಜಿಂಕ್ ಅಂದ್ರು, ಇನ್ನೊಂದು ಸಲ ಲಘು ಪೋಷಕಾಂಶ ಅಂದ್ರು, ಮೂರನೇ ಸಲ ಸೊರಗು ರೋಗ ಅಂತ ಶಿಲೀಂಧ್ರದ ಔಷಧಿ ಬುಡಕ್ಕೆ ಸುರಿಯೋಕೆ ಕೊಟ್ರು. ಕೊನೆಗೆ ಒಂದು ಗಿಡ ಅಗೆದು ತೆಗೆದಾಗ ಬೇರು ತುಂಬಾ ಗಂಟು. ಸಣ್ಣ ಬೇರು ಉಳಿದೇ ಇಲ್ಲ, ಉಳಿದಿದ್ದೆಲ್ಲ ಹಸಿ ಅರಿಶಿನದ ಕೊಂಬಿನ ಹಾಗೆ ಉಬ್ಬಿಕೊಂಡಿದೆ. ಕೃಷಿ ವಿಜ್ಞಾನ ಕೇಂದ್ರದವರಿಗೆ ಫೋಟೋ ಕಳಿಸಿದೆ. ಬೇರುಗಂಟು ಜಂತುಹುಳ, ನಿಮಟೋಡ್ ಅಂದ್ರು.

ಈಗ ನನ್ನ ಪ್ರಶ್ನೆ. ಅರ್ಧ ಎಕರೆ ಖಾಲಿ ಇದೆ. ಕೆಟ್ಟ ಸಾಲು ಕಿತ್ತು ಅಲ್ಲೂ ಹೊಸದಾಗಿ ಹಾಕಬೇಕು. ಒಬ್ಬ ಏಜೆಂಟ್ ಬಂದು, "ನಿಮಟೋಡ್ ರೆಸಿಸ್ಟೆಂಟ್ ಗಿಡ ಇದೆ ಮೇಡಂ, ರೇಟ್ ಡಬಲ್, ಆದ್ರೆ ಜನ್ಮದಲ್ಲಿ ಗಂಟು ಬರಲ್ಲ" ಅಂತಿದಾನೆ. ತಳಿ ಹೆಸರು ಕೇಳಿದ್ರೆ ಹೊಸ ಥಾಯ್ ತಳಿ ಅಂತಾನೆ, ಅದಕ್ಕಿಂತ ಜಾಸ್ತಿ ಬಾಯಿ ಬಿಡಲ್ಲ. ಇಂಥ ಗಿಡ ನಿಜವಾಗ್ಲೂ ಇದೆಯಾ? ಅಲಹಾಬಾದ್ ಸಫೇದಾ, ಎಲ್-49, ಅರ್ಕಾ ಕಿರಣ್, ಇವುಗಳಲ್ಲಿ ಯಾವುದಾದ್ರೂ ತಡಕೊಳ್ಳುತ್ತಾ? ಬೇರೆ ಯಾವುದೋ ಜಾತಿ ಬೇರಿನ ಮೇಲೆ ಕಸಿ ಕಟ್ತಾರೆ ಅಂತ ಕೇಳಿದೀನಿ, ಅದು ನಮ್ಮ ಮೈಸೂರು, ಮಂಡ್ಯ ಕಡೆ ಯಾರ ಹತ್ರ ಇದೆ? ಮೂರು ವರ್ಷದ ದುಡಿಮೆ ಕಣ್ಣ ಮುಂದೆ ಒಣಗ್ತಿದೆ. ಇನ್ನೊಂದು ಸಲ ಇದೇ ಗಿಡ ತಂದು ಇದೇ ಮಣ್ಣಿಗೆ ಇಡೋಕೆ ನನಗೆ ಮನಸ್ಸಿಲ್ಲ. ಗೊತ್ತಿರೋರು ಹೇಳಿ.

ಕಪಿಲಾ ದಂಡೆ, ತಿ. ನರಸೀಪುರ

ಅಕ್ಕ, ಮೊದ್ಲು ಆ ಏಜೆಂಟಿಗೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ. ನಮ್ಮಲ್ಲಿ ಎಲ್-49 ಹಳೇ ಮರ ಇದಾವೆ, ಅರ್ಕಾ ಕಿರಣ್ ಇದೆ, ತೈವಾನ್ ಪಿಂಕ್ ಇದೆ. ಮೂರಕ್ಕೂ ಗಂಟು ಬಂದಿದೆ. ಹಳೇ ಮರ ಬೇರು ಆಳಕ್ಕೆ ಇಳಿಸಿರೋದ್ರಿಂದ ಹೆಂಗೋ ಬದುಕಿದಾವೆ. ಹತ್ತಿರ ಹತ್ತಿರ ನೆಟ್ಟಿರೋ ತೈವಾನ್ ಮೊದ್ಲು ಹೋಯ್ತು.

ನಮ್ಮ ತೋಟದಲ್ಲಿ ನಿಂತಿರೋ ಗಿಡ ಉಳಿಸಿಕೊಂಡಿದ್ದು ಗೊಬ್ಬರದಲ್ಲಿ. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಎರಡು ಕೆ.ಜಿ., ಸ್ಯೂಡೋಮೊನಾಸ್ ಎರಡು ಕೆ.ಜಿ., ಪೆಸಿಲೋಮೈಸಿಸ್ ಎರಡು ಕೆ.ಜಿ. (ಮೂರೂ ಮಣ್ಣಿನ ರೋಗ, ಹುಳ ಹತ್ತಿಕ್ಕೋ ಜೈವಿಕ ಪುಡಿ) ಬೆರೆಸಿ, ನೆರಳಲ್ಲಿ ಒಟ್ಟಿ, ಗೋಣಿತಾಟು ಹೊದಿಸಿ ಹದಿನೈದು ದಿನ ತೇವ ಆರದ ಹಾಗೆ ಇಡ್ತೀವಿ. ವಾರಕ್ಕೊಂದ್ಸಲ ತಿರುವಿ ಹಾಕಬೇಕು. ಅದನ್ನ ಬೇವಿನ ಹಿಂಡಿ ಜೊತೆ ಗಿಡಕ್ಕೆ ಎರಡು ಮೂರು ಕೆ.ಜಿ. ಲೆಕ್ಕದಲ್ಲಿ, ಬುಡಕ್ಕಲ್ಲ, ಹನಿ ಬೀಳೋ ಜಾಗದ ಸುತ್ತ ಕೊಡಿ, ಸಣ್ಣ ಬೇರು ಇರೋದೇ ಅಲ್ಲಿ. ಮೂರು ನಾಲ್ಕು ತಿಂಗಳಿಗೊಂದ್ಸಲ ಕೊಡ್ತಾ ಇರಬೇಕು. ಸಾಲಿನ ಮಧ್ಯ ಚೆಂಡು ಹೂ ಹಾಕಿದೀವಿ, ಆಯುಧಪೂಜೆ ದೀಪಾವಳಿಗೆ ಹೂವಿಂದ ಗೊಬ್ಬರದ ಖರ್ಚು ಬರುತ್ತೆ. ಇದೆಲ್ಲ ಮಾಡಿದ್ರೆ ಹುಳ ಪೂರ್ತಿ ಹೋಗಲ್ಲ ಅಕ್ಕ, ಹೊಸ ಬೇರು ಬಿಡೋಕೆ ಗಿಡಕ್ಕೆ ಒಂದು ಅವಕಾಶ ಸಿಗುತ್ತೆ ಅಷ್ಟೆ.

ಇನ್ನೊಂದು. ಯಾರಾದ್ರೂ ಹಳೇ ದಾಸ್ತಾನು ಫೋರೇಟ್ ಕೀಟನಾಶಕದ ಹರಳು ಕೊಟ್ರೆ ಮುಟ್ಟಬೇಡಿ. 2020ರ ಕೊನೆಯಿಂದ ಅದರ ಮಾರಾಟವೇ ನಿಷೇಧ. ಹಣ್ಣು ತಿನ್ನೋ ಮಕ್ಕಳಿಗೆ ವಿಷ ಹಾಕಿದಂಗೆ ಆಗುತ್ತೆ.

ಹಳೇ ತೋಟಗಾರಿಕೆ ಅಧಿಕಾರಿ, ಮೈಸೂರು

ಅಮ್ಮಾ, ನಿಮ್ಮ ವಿವರಣೆ ಬಹಳ ಸ್ಪಷ್ಟವಾಗಿದೆ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಇಲಾಖೆಯಿಂದ ನಿವೃತ್ತನಾಗಿದ್ದೇನೆ, ಆದರೆ ಸೀಬೆಯ ಈ ಸಂಕಟ ನನ್ನನ್ನು ಬಿಟ್ಟಿಲ್ಲ.

ಟೊಮೆಟೊ, ಬದನೆಯಲ್ಲಿ ನಾವು ಹಿಂದಿನಿಂದ ನೋಡುತ್ತಿದ್ದ ಬೇರುಗಂಟಿಗೆ ಕಾರಣ ಹೆಚ್ಚಾಗಿ ಮೆಲೊಯ್ಡೊಗೈನೆ ಇನ್‌ಕಾಗ್ನಿಟಾ ಮತ್ತು ಜವಾನಿಕಾ ಎಂಬ ಪ್ರಭೇದಗಳು. ಈಗ ಸೀಬೆಯನ್ನು ಕೊಲ್ಲುತ್ತಿರುವುದು ಬೇರೆಯದು, ಮೆಲೊಯ್ಡೊಗೈನೆ ಎಂಟೆರೊಲೋಬಿ. ಇದನ್ನು ಮೊದಲು ವಿವರಿಸಿದ್ದು 1983ರಲ್ಲಿ, ಚೀನಾದ ಹೈನಾನ್ ದ್ವೀಪದ ಒಂದು ಮರದ ಬೇರಿನಿಂದ. ಭಾರತದ ಸೀಬೆಯಲ್ಲಿ 2016ರಲ್ಲಿ ತಮಿಳುನಾಡಿನಿಂದ ವರದಿಯಾಯಿತು, ಆಮೇಲೆ ಬೇರೆ ರಾಜ್ಯಗಳಲ್ಲೂ ಕಾಣಿಸಿಕೊಂಡಿತು. ಅದು ಊರಿಂದ ಊರಿಗೆ ಬಂದ ಮುಖ್ಯ ದಾರಿ ನರ್ಸರಿ ಚೀಲದ ಮಣ್ಣು. ಹುಳ ತಾನೇ ಮಣ್ಣಿನಲ್ಲಿ ನಡೆಯುವುದು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಮೀಟರ್. ಲಾರಿ ಒಂದೇ ರಾತ್ರಿಯಲ್ಲಿ ನೂರಾರು ಮೈಲಿ ತಂದುಬಿಡುತ್ತದೆ.

ಒಂದು ಹೆಣ್ಣು ಹುಳ ಬೇರಿನೊಳಗೇ ಕೂತು ನಾಲ್ಕೈದು ನೂರು ಮೊಟ್ಟೆ ಇಡುತ್ತದೆ. ಅದಕ್ಕೆ ಗಂಡಿನ ಅಗತ್ಯವೂ ಇಲ್ಲ. ನಮ್ಮ ಬಿಸಿ ಮಣ್ಣಿನಲ್ಲಿ ಮೂರು ನಾಲ್ಕು ವಾರಕ್ಕೆ ಒಂದು ಪೀಳಿಗೆ. ಟೊಮೆಟೊವಿನಂಥ ಬೆಳೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಸೀಬೆಯ ಬೇರು ವರ್ಷವಿಡೀ ಮಣ್ಣಿನಲ್ಲೇ ಇರುತ್ತದೆ, ಹುಳಕ್ಕೆ ಅನ್ನ ತಪ್ಪುವುದೇ ಇಲ್ಲ. ಗಾಯವಾದ ಬೇರಿಗೆ ಫ್ಯುಸೇರಿಯಮ್ ಶಿಲೀಂಧ್ರ ಸೇರಿಕೊಂಡರೆ ಸೊರಗು ಶುರುವಾಗುತ್ತದೆ. ಬ್ರೆಜಿಲ್‌ನಲ್ಲಿ ದೊಡ್ಡ ದೊಡ್ಡ ಸೀಬೆ ತೋಟಗಳು ಈ ಇಬ್ಬರ ಜೊತೆಗಾರಿಕೆಯಿಂದಲೇ ನಾಶವಾದವು. ಹಾಗಾಗಿ ನಿಮಗೆ ಸೊರಗು ಎಂದು ಹೇಳಿದವರು ಪೂರ್ತಿ ತಪ್ಪು ಹೇಳಲಿಲ್ಲ, ಹುಳವನ್ನು ಬಿಟ್ಟು ಶಿಲೀಂಧ್ರಕ್ಕೆ ಮಾತ್ರ ಔಷಧಿ ಸುರಿದರೆ ಗಿಡ ಏಳುವುದಿಲ್ಲ.

ಈಗ ನಿರೋಧಕ ಗಿಡದ ಮಾತು. ನೀವು ಹೆಸರಿಸಿದ ತಳಿಗಳೆಲ್ಲ ಒಂದೇ ಜಾತಿ, ಸಿಡಿಯಮ್ ಗ್ವಾಜಾವ. ಬಿಳಿ ತಿರುಳಿರಲಿ, ಕೆಂಪು ತಿರುಳಿರಲಿ, ತೈವಾನ್ ಇರಲಿ, ಥಾಯ್ ಇರಲಿ, ನಮ್ಮ ಪೇಟೆಯಲ್ಲಿ ಸಿಗುವ ಯಾವ ಸೀಬೆ ತಳಿಯನ್ನೂ ಈ ಹುಳಕ್ಕೆ ನಿರೋಧಕ ಎಂದು ನಾನು ಧೈರ್ಯವಾಗಿ ಶಿಫಾರಸು ಮಾಡಲಾರೆ. ನಿರೋಧಕ ಗುಣ ಕಂಡಿರುವುದು ಸೀಬೆಯ ದಾಯಾದಿಗಳಲ್ಲಿ. ಸ್ಟ್ರಾಬೆರಿ ಸೀಬೆ ಎಂದು ಕರೆಯುವ ಸಿಡಿಯಮ್ ಕ್ಯಾಟ್ಲಿಯಾನಮ್ ಅವುಗಳಲ್ಲಿ ಮುಖ್ಯವಾದದ್ದು. ಅದರ ಬೇರಿಗೆ ಮರಿಹುಳ ಒಳಹೊಕ್ಕರೂ ನೆಲೆ ನಿಲ್ಲುವುದಿಲ್ಲ. ಹುಳ ಬಾಯಿಟ್ಟ ಜಾಗದ ಜೀವಕೋಶಗಳು ತಾವೇ ಸತ್ತು ಅದಕ್ಕೆ ಆಹಾರ ಸಿಗದ ಹಾಗೆ ಮಾಡುತ್ತವೆ. ಕೋಸ್ಟರಿಕಾ ಕಡೆಯ ಸಿಡಿಯಮ್ ಫ್ರೀಡ್ರಿಕ್‌ಸ್ಥಾಲಿಯಾನಮ್ ಇನ್ನೊಂದು. ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ, ಸಿಡಿಯಮ್ ಗಿನೀನ್ಸ್ ಎಂಬ ಕಾಡು ಜಾತಿಯನ್ನು ಸೀಬೆಗೆ ಸಂಕರ ಮಾಡಿ 'ಬಿಆರ್‌ಎಸ್ ಗ್ವಾರಸಾ' ಎಂಬ ಬೇರುಸಸಿಯನ್ನು (ಕಸಿ ಕಟ್ಟಲು ಕೆಳಗೆ ಬಳಸುವ ಬೇರಿನ ಗಿಡ) ಬಿಡುಗಡೆ ಮಾಡಿದೆ. ಅದರ ಮೇಲೆ ಸೀಬೆಯ ಕಸಿ ಚೆನ್ನಾಗಿ ಕೂರುತ್ತದೆ. ಅದು ಸಂಕರವಾದ್ದರಿಂದ ಬೀಜದಿಂದ ಬೆಳೆಸಿದರೆ ಗುಣ ಉಳಿಯುವುದಿಲ್ಲ, ಕಡ್ಡಿಯಿಂದಲೇ ಬೇರು ಬರಿಸಬೇಕು. ಹೊರದೇಶದ ಗಿಡವನ್ನು ಸಸ್ಯ ದಿಗ್ಬಂಧನದ (ಕ್ವಾರಂಟೈನ್) ಅನುಮತಿ ಇಲ್ಲದೆ ಯಾರೂ ತರುವಂತಿಲ್ಲ. ಬ್ರೆಜಿಲ್ ಗಿಡ ಎಂದು ಯಾರಾದರೂ ಮಾರಿದರೆ ಆ ಅನುಮತಿ ಪತ್ರ ತೋರಿಸಿ ಎಂದು ಕೇಳಿ.

ಲಕ್ನೋದ ಉಪೋಷ್ಣ ತೋಟಗಾರಿಕೆ ಸಂಸ್ಥೆಯಲ್ಲಿ ಸಿಡಿಯಮ್ ಮೊಲ್ಲೆ ಜೊತೆ ಸಂಕರ ಮಾಡಿದ ಬೇರುಸಸಿಯ ಸುದ್ದಿ ನಿಮ್ಮ ಕಿವಿಗೆ ಬೀಳಬಹುದು. ಅದನ್ನು ರೂಪಿಸಿದ್ದು ಸೊರಗು ರೋಗಕ್ಕೆ. ಅದನ್ನೇ ಹುಳಕ್ಕೂ ನಿರೋಧಕ ಎಂದು ಮಾರುವವರು ಬರುತ್ತಾರೆ, ಎರಡನ್ನೂ ಬೆರೆಸಿಕೊಳ್ಳಬೇಡಿ. ನಿರೋಧಕ ಟೊಮೆಟೊ ತಳಿಗಳ ಉದಾಹರಣೆ ನೋಡಿ. ಅವುಗಳಲ್ಲಿರುವ ಎಂಐ ಎಂಬ ಜೀನು ಇನ್‌ಕಾಗ್ನಿಟಾ, ಜವಾನಿಕಾಗಳನ್ನು ತಡೆಯುತ್ತದೆ, ಎಂಟೆರೊಲೋಬಿಯನ್ನು ತಡೆಯುವುದಿಲ್ಲ. ಯಾವ ಹುಳಕ್ಕೆ ನಿರೋಧಕ ಎಂದು ಹೇಳಲಾಗದವನು ನಿರೋಧಕ ಎಂಬ ಮಾತೇ ಆಡಬಾರದು.

ನಿಮ್ಮಲ್ಲಿರುವುದು ಎಂಟೆರೊಲೋಬಿಯೇ ಎಂದು ಫೋಟೋ ನೋಡಿ ಹೇಳಲಾಗುವುದಿಲ್ಲ. ಸೂಕ್ಷ್ಮದರ್ಶಕದಲ್ಲೂ ಅದು ಇನ್‌ಕಾಗ್ನಿಟಾದಂತೆಯೇ ಕಾಣುತ್ತದೆ, ಡಿಎನ್‌ಎ ಪರೀಕ್ಷೆಯೇ ಬೇಕು. ಮಣ್ಣು ಹಸಿ ಇದ್ದಾಗ, ತೀರಾ ಸತ್ತ ಗಿಡ ಬಿಟ್ಟು ಅರೆಜೀವ ಇರುವ ನಾಲ್ಕೈದು ಗಿಡಗಳ ಬುಡದಲ್ಲಿ ಅರ್ಧ ಅಡಿಯಿಂದ ಒಂದು ಅಡಿ ಆಳದ ಮಣ್ಣನ್ನು ಸಣ್ಣ ಬೇರಿನ ಸಮೇತ ತೆಗೆಯಿರಿ. ಬೆರೆಸಿ ಕಾಲು ಕೆ.ಜಿ.ಯಷ್ಟು ಪಾಲಿಥಿನ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಬಿಸಿಲಿಗೆ ಇಡಬೇಡಿ, ಒಣಗಿಸಬೇಡಿ, ಒಣಗಿದರೆ ಹುಳ ಸತ್ತು ಪರೀಕ್ಷೆಗೆ ಏನೂ ಸಿಗುವುದಿಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ನಿಮಗೆ ಹತ್ತಿರ. ಅಲ್ಲಿ ಕೇಳಿ, ಬೇಕಾದರೆ ಅವರೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಗೆ ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ದಾರಿ ತೋರಿಸುತ್ತಾರೆ.

ಸೀಬೆತೋಟ, ಪಾಂಡವಪುರ

ಸಾರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನರಸೀಪುರದ ಅಣ್ಣ, ನಿಮಗೂ ಬಹಳ ಥ್ಯಾಂಕ್ಸ್, ಗೊಬ್ಬರ ನಾಳೆಯೇ ಒಟ್ಟುತೀನಿ.

ಎರಡು ವಿಷಯ ಕೇಳಬೇಕು. ನಮ್ಮ ಹೊಲದ ಬದುವಿನಲ್ಲಿ ಒಂದು ನಾಟಿ ಸೀಬೆ ಮರ ಇದೆ, ಅತ್ತೆ ಮದುವೆಯಾಗಿ ಬಂದಾಗಲೇ ಇತ್ತಂತೆ. ಸಣ್ಣ ಕಾಯಿ, ಬೀಜ ಜಾಸ್ತಿ, ಆದ್ರೆ ವಾಸನೆ ಅಂದ್ರೆ ಅದರದ್ದೇ. ಅದರ ಪಕ್ಕದ ಸಾಲೇ ಸತ್ತಿದೆ, ಈ ಮರಕ್ಕೆ ಏನೂ ಆಗಿಲ್ಲ, ಹಸಿರಾಗಿ ನಿಂತಿದೆ. ಅದರ ಬೀಜದಿಂದ ಸಸಿ ಮಾಡಿ ಅದರ ಮೇಲೆ ತೈವಾನ್ ಕಸಿ ಕಟ್ಟಿದ್ರೆ ಆಗಲ್ವಾ?

ಎರಡನೇದು, ಸ್ಟ್ರಾಬೆರಿ ಸೀಬೆ. ಮೈಸೂರಲ್ಲಿ ಕುಂಡದ ಗಿಡ ಮಾರೋ ಕಡೆ ನೋಡಿದೀನಿ, ಎಲೆ ಸಣ್ಣ, ಹೊಳಪು, ಗೋಲಿ ಗಾತ್ರದ ಕೆಂಪು ಹಣ್ಣು. ಅದೇನಾ? ಅದೇ ಆದ್ರೆ ಇಷ್ಟು ವರ್ಷ ಯಾರೂ ಯಾಕೆ ಅದರ ಮೇಲೆ ಕಸಿ ಕಟ್ಟಲಿಲ್ಲ? ಇಷ್ಟು ಸುಲಭ ಇದ್ದಿದ್ರೆ ಎಲ್ಲ ನರ್ಸರಿಯಲ್ಲೂ ಸಿಗಬೇಕಿತ್ತಲ್ವಾ?

ಕಸಿಮನೆ, ನಂಜನಗೂಡು ರಸ್ತೆ

ಅಕ್ಕಾ, ನಾನು ಉತ್ತರ ಹೇಳ್ತೀನಿ, ಯಾಕಂದ್ರೆ ಆ ಗಿಡದ ಮೇಲೆ ಕಸಿ ಕಟ್ಟಿ ನೋಡಿರೋನು ನಾನು. ನಮ್ದು ಸಣ್ಣ ನರ್ಸರಿ, ಅಪ್ಪನ ಕಾಲದಿಂದ ಮಾವು, ಸಪೋಟ, ಸೀಬೆ ಮಾಡ್ತೀವಿ.

ಹೌದು, ನೀವು ನೋಡಿದ್ದು ಅದೇ. ಬೀಜ ಹಾಕಿದ್ರೆ ಸಾಮಾನ್ಯವಾಗಿ ತಾಯಿ ಗುಣವೇ ಬರುತ್ತೆ, ಅದೊಂದು ಅನುಕೂಲ. ಕಷ್ಟ ಏನಂದ್ರೆ ಸಸಿ ಬೆಳೆಯೋದು ಬಹಳ ನಿಧಾನ. ನಮ್ಮ ಸೀಬೆ ಸಸಿ ಪೆನ್ಸಿಲ್ ದಪ್ಪಕ್ಕೆ ಬರೋ ಹೊತ್ತಿಗೆ ಇದು ಇನ್ನೂ ಕಡ್ಡಿಪುಡಿ ಥರ ಇರುತ್ತೆ. ಕಾಯ್ಕೊಂಡು ಕೂತು ಬೆಣೆ ಕಸಿ ಕಟ್ಟಿದ್ರೂ ಹಿಡಿಯೋದು ಕಮ್ಮಿ. ಹಿಡಿದಿದ್ರಲ್ಲೂ ಕೆಲವು ಚಿಗುರಿ ಒಂದು ಹಂತಕ್ಕೆ ಬಂದು ನಿಂತುಬಿಡ್ತವೆ, ಕಸಿ ಕಟ್ಟಿದ ಜಾಗದಲ್ಲಿ ಮೇಲಿನ ಭಾಗ ದಪ್ಪ ಆಗುತ್ತೆ, ಕೆಳಗಡೆ ಸಣ್ಣದಾಗೇ ಉಳಿಯುತ್ತೆ. ಗಾಳಿಗೆ ಅಲ್ಲೇ ಮುರಿಯುತ್ತೆ. ನಮ್ಮಲ್ಲಿ ಉಳಿದಿರೋವು ಬೆರಳೆಣಿಕೆಯಷ್ಟು. ಬೇರು ತೊಳೆದು ನೋಡಿದೀನಿ, ಗಂಟಿಲ್ಲ. ಆದ್ರೆ ಅಷ್ಟರಿಂದ ನಿಮಗೆ ಅರ್ಧ ಎಕರೆಗೆ ಗಿಡ ಮಾಡಿಕೊಡ್ತೀನಿ ಅನ್ನೋಕೆ ನನ್ನ ಬಾಯಿ ಬರಲ್ಲ.

ನಿಮಗೆ ಈಗ ಬೇಕಿರೋದು ಹುಳ ಇಲ್ಲದ ಗಿಡ, ಅದನ್ನ ನೀವೇ ಮಾಡ್ಕೋಬಹುದು ಅಕ್ಕ, ಯಾರನ್ನೂ ಕೇಳಬೇಕಾಗಿಲ್ಲ. ಈ ಹುಳ ಇರೋದು ಬೇರಲ್ಲಿ ಮತ್ತೆ ಮಣ್ಣಲ್ಲಿ. ರೆಂಬೆಯಲ್ಲಿ ಇಲ್ಲ, ಬೀಜದಲ್ಲೂ ಇಲ್ಲ. ನಿಮ್ಮ ತೋಟದಲ್ಲೇ ಚೆನ್ನಾಗಿರೋ, ಒಳ್ಳೇ ಕಾಯಿ ಬಿಟ್ಟಿರೋ ಗಿಡ ಆರಿಸಿ ಮುಂಗಾರಲ್ಲಿ ಗೂಟಿ ಕಟ್ಟಿ. ಪೆನ್ಸಿಲ್ ದಪ್ಪದ ರೆಂಬೆಯಲ್ಲಿ ಒಂದು ಅಂಗುಲ ಸಿಪ್ಪೆ ಉಂಗುರದ ಥರ ತೆಗೆದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಎರಡು ಕಡೆ ಬಿಗಿಯಾಗಿ ಕಟ್ಟೋದು. ಒಂದೂವರೆ ತಿಂಗಳ ಹೊತ್ತಿಗೆ ಬಿಳಿ ಬೇರು ಕಾಣುತ್ತೆ. ಆ ಬೇರು ನಿಮ್ಮ ಹೊಲದ ಮಣ್ಣನ್ನ ಕಂಡೇ ಇಲ್ಲ, ಹಾಗಾಗಿ ಹುಳ ಅದರಲ್ಲಿ ಇರೋ ಮಾತೇ ಇಲ್ಲ.

ಕತ್ತರಿಸಿದ ಮೇಲೆ ಜಾಗ್ರತೆ. ಹೊಲದ ಮಣ್ಣು ಚೀಲಕ್ಕೆ ತುಂಬಬೇಡಿ. ನಾವು ತೆಂಗಿನ ನಾರಿನ ಪುಡಿ, ಕಳಿತ ಗೊಬ್ಬರ ಬಳಸ್ತೀವಿ. ಕೆಂಪು ಮಣ್ಣು ಸೇರಿಸಲೇಬೇಕು ಅಂದ್ರೆ ಏಪ್ರಿಲ್, ಮೇ ಬಿಸಿಲಲ್ಲಿ ಒದ್ದೆ ಮಾಡಿ ತೆಳ್ಳಗೆ ಹರಡಿ, ಬಿಳಿ ಪಾರದರ್ಶಕ ಪಾಲಿಥಿನ್ ಹೊದಿಸಿ ಅಂಚಿಗೆಲ್ಲ ಮಣ್ಣು ಮುಚ್ಚಿ, ನಾಲ್ಕರಿಂದ ಆರು ವಾರ ಬಿಟ್ಟ ಮೇಲೆ. ಕಪ್ಪು ಹಾಳೆ ಬೇಡ, ಅದರಲ್ಲಿ ಮಣ್ಣು ಅಷ್ಟು ಕಾಯಲ್ಲ. ಚೀಲ ನೆಲದ ಮೇಲೆ ಇಡಬೇಡಿ. ಎಷ್ಟೋ ನರ್ಸರಿಗಳಲ್ಲಿ ಗಿಡ ಕೆಡೋದು ಇಲ್ಲೇ. ಚೀಲದ ತೂತಿಂದ ಬೇರು ನೆಲಕ್ಕೆ ಇಳಿಯುತ್ತೆ, ಅಲ್ಲಿಂದ ಹುಳ ಹತ್ತುತ್ತೆ. ಕಲ್ಲುಚಪ್ಪಡಿ ಮೇಲೋ, ಅಟ್ಟಣೆ ಕಟ್ಟಿ ಅದರ ಮೇಲೋ ಇಡಿ.

ಇನ್ನು ಯಾರ ಹತ್ರ ಗಿಡ ಕೊಂಡ್ರೂ, ನನ್ನ ಹತ್ರ ಕೊಂಡ್ರೂ, ದುಡ್ಡು ಕೊಡೋಕೆ ಮುಂಚೆ ನಿಮಗೆ ಬೇಕಾದ ಚೀಲ ನೀವೇ ಆರಿಸಿ ಹರಿದು ಬೇರು ತೊಳೆದು ನೋಡಿ. ಮುಂದೆ ಇಟ್ಟಿರೋ ಚಂದದ ಗಿಡ ಬೇಡ, ಮಧ್ಯದಿಂದ ತೆಗೀರಿ. ಹರಿಯೋಕೆ ಬಿಡದೇ ಇರೋನ ಹತ್ರ ಗಿಡ ತಗೋಬೇಡಿ. ಹರಿದ ಗಿಡದ ದುಡ್ಡು ನೀವೇ ಕೊಟ್ರೂ ನಷ್ಟ ಇಲ್ಲ.

ಹಳೇ ತೋಟಗಾರಿಕೆ ಅಧಿಕಾರಿ, ಮೈಸೂರು

ಕಸಿಮನೆಯವರು ಹೇಳಿದ್ದು ಅನುಭವದ ಮಾತು. ಸ್ಟ್ರಾಬೆರಿ ಸೀಬೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಸೀಬೆಯಲ್ಲಿ ವರ್ಣತಂತುಗಳು ಹನ್ನೊಂದು ಜೊತೆ, ಒಟ್ಟು 22. ಕ್ಯಾಟ್ಲಿಯಾನಮ್‌ನಲ್ಲಿ ಅದರ ಹಲವು ಪಟ್ಟು. ಸಂಕರ ಮಾಡುವುದೂ ಕಷ್ಟ. ಬ್ರೆಜಿಲ್‌ನವರು ಅದನ್ನು ಬಿಟ್ಟು ಗಿನೀನ್ಸ್ ಹಿಂದೆ ಹೋಗಿದ್ದರಲ್ಲಿ ಅರ್ಥವಿದೆ.

ಬದುವಿನ ನಾಟಿ ಮರದ ಬಗ್ಗೆ, ಅಮ್ಮಾ, ಅದು ಹಸಿರಾಗಿದೆ ಎಂಬುದರಿಂದ ಅದರ ಬೇರು ಹುಳವನ್ನು ತಡೆಯುತ್ತದೆ ಎಂದಾಗುವುದಿಲ್ಲ. ದೊಡ್ಡ ಮರ, ಆಳದ ಬೇರು, ಬದುವಿನ ಗಟ್ಟಿ ಮಣ್ಣು. ಗಂಟು ಇದ್ದೂ ಸಹಿಸಿಕೊಂಡು ನಿಂತಿರಬಹುದು. ಅಂಥ ಮರ ತಾನು ಬದುಕುತ್ತದೆ, ಆದರೆ ಹುಳವನ್ನು ಸಾಕುತ್ತಲೇ ಇರುತ್ತದೆ. ಮೊದಲು ಅದರ ರೆಂಬೆ ಹರಡಿರುವ ಅಂಚಿನಲ್ಲಿ ಅಗೆದು ಸಣ್ಣ ಬೇರು ತೆಗೆದು ನೋಡಿ. ಗಂಟಿದ್ದರೆ ಆ ಆಸೆ ಅಲ್ಲಿಗೆ ಬಿಡಿ. ಇಲ್ಲದಿದ್ದರೆ ಅದರ ಬೀಜದಿಂದ ಸಸಿ ಮಾಡಿ ಪರೀಕ್ಷಿಸುವುದು ಖಂಡಿತ ಯೋಗ್ಯ. ಸೀಬೆ ಬೀಜದ ಸಸಿಗಳು ಒಂದರಂತೆ ಒಂದು ಇರುವುದಿಲ್ಲ, ಹಾಗಾಗಿ ನಾಲ್ಕು ಸಸಿ ಸಾಲದು.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಸತ್ತ ಸಾಲಿನ ಮಣ್ಣನ್ನು ಕುಂಡಗಳಿಗೆ ತುಂಬಿ. ಕೆಲವಕ್ಕೆ ನಾಟಿ ಸಸಿ, ಕೆಲವಕ್ಕೆ ಸ್ಟ್ರಾಬೆರಿ ಸೀಬೆ, ಕೆಲವಕ್ಕೆ ತೈವಾನ್ ಬೀಜದ ಸಸಿ, ಒಂದೆರಡಕ್ಕೆ ಟೊಮೆಟೊ. ಟೊಮೆಟೊ ಒಂದೂವರೆ ತಿಂಗಳಿಗೇ ಗಂಟು ತೋರಿಸುತ್ತದೆ. ಅದರಲ್ಲಿ ಗಂಟು ಬಾರದಿದ್ದರೆ ಕುಂಡದ ಮಣ್ಣಿನಲ್ಲಿ ಹುಳವೇ ಇಲ್ಲ, ಪರೀಕ್ಷೆಯೇ ಕೆಲಸಕ್ಕೆ ಬಾರದು ಎಂದು ತಿಳಿಯುತ್ತದೆ. ಸೀಬೆ ಸಸಿಗಳಿಗೆ ಕನಿಷ್ಠ ಮೂರು ನಾಲ್ಕು ತಿಂಗಳು ಕೊಡಿ. ಆಮೇಲೆ ಬೇರನ್ನು ಎಳೆಯದೆ ಬಕೆಟ್ ನೀರಿನಲ್ಲಿ ಮೆಲ್ಲಗೆ ತೊಳೆದು, ಗಂಟಿನ ಜೊತೆಗೆ ಬೇರಿನ ಮೇಲೆ ಅಂಟಿರುವ ಕಂದು ಬಣ್ಣದ ಮೊಟ್ಟೆ ಗುಂಪುಗಳನ್ನೂ ಭೂತಗನ್ನಡಿಯಲ್ಲಿ ಹುಡುಕಿ. ಗಂಟು ಕಡಿಮೆ ಇದ್ದು ಮೊಟ್ಟೆ ತುಂಬಿದ್ದರೆ ಆ ಗಿಡ ಬೇರುಸಸಿಗೆ ಬೇಡ. ಪರೀಕ್ಷೆ ಮುಗಿದ ಮಣ್ಣನ್ನು ಎಲ್ಲೆಲ್ಲೋ ಚೆಲ್ಲಬೇಡಿ, ತಂದ ಜಾಗಕ್ಕೇ ಹಾಕಿ.

ಕೆಟ್ಟ ಸಾಲಿನಲ್ಲಿ ತಕ್ಷಣ ಸೀಬೆ ನೆಡುವುದು ಬೇಡವೇ ಬೇಡ. ಬುಡ ಸಮೇತ ಬೇರು ಅಗೆದು ತೆಗೆದು ಅಲ್ಲೇ ಸುಡಿ. ಬೇರಿನ ತುಂಡು ಉಳಿದಷ್ಟೂ ಮೊಟ್ಟೆ ಉಳಿಯುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಸೌತೆ ಜಾತಿ, ಪರಂಗಿ ಇವೆಲ್ಲ ಈ ಹುಳಕ್ಕೆ ಊಟ. ಕಡ್ಲೆಕಾಯಿ, ಹಸಿರು ಗೊಬ್ಬರದ ಸೆಣಬು, ಚೆಂಡು ಹೂ ಹಾಕಬಹುದು.

ಸೀಬೆತೋಟ, ಪಾಂಡವಪುರ

ಸ್ವಲ್ಪ ತಡವಾಗಿ ಬರೀತಿದೀನಿ, ಗದ್ದೆ ನಾಟಿ ಕೆಲಸ ಇತ್ತು. ಏನೇನು ಆಯ್ತು ಅಂತ ಹೇಳ್ತೀನಿ, ಮುಂದೆ ಓದೋರಿಗೂ ಉಪಯೋಗ ಆಗ್ಲಿ.

ನಾಟಿ ಮರದ ಅಂಚಲ್ಲಿ ಅಗೆದು ನೋಡಿದೆ. ಗಂಟಿದೆ. ತೈವಾನ್ ಗಿಡದಷ್ಟು ಇಲ್ಲ, ಅಲ್ಲೊಂದು ಇಲ್ಲೊಂದು, ಆದ್ರೆ ಇದೆ. ನಿಜ ಹೇಳ್ಬೇಕು ಅಂದ್ರೆ ಬೇಜಾರಾಯ್ತು, ಅತ್ತೆಗೂ ಆಯ್ತು. ಆ ಮರ ತೆಗೆಯಲ್ಲ, ಅದರ ಬುಡಕ್ಕೂ ಗೊಬ್ಬರ ಕೊಡ್ತೀನಿ. ಬೇರುಸಸಿಗೆ ಮಾತ್ರ ಅದನ್ನ ಬಿಟ್ಟೆ.

ಮಣ್ಣು, ಬೇರು ವಿ.ಸಿ. ಫಾರಂಗೆ ತಗೊಂಡು ಹೋಗಿ ಕೊಟ್ಟಿದೀನಿ. ಅಗೆದು ತೆಗೆದ ಸಾಲು ಸುಟ್ಟಿದೀವಿ, ಅಲ್ಲಿ ಸೆಣಬು ಎರಚಿದೆ. ಖಾಲಿ ಅರ್ಧ ಎಕರೆಗೆ ಈ ವರ್ಷ ಕಡ್ಲೆಕಾಯಿ. ಟಿಲ್ಲರ್ ಬಾಡಿಗೆಗೆ ಬಂದಾಗ ಮೊದ್ಲು ಆ ಅರ್ಧ ಎಕರೆ ಉಳುಮೆ ಮಾಡಿಸಿ, ಕೊನೆಗೆ ಸೀಬೆ ಹೊಲಕ್ಕೆ ಬಿಟ್ಟು, ಹೋಗೋ ಮುಂಚೆ ಗುಳ ತೊಳೆಸಿದೆ. ನಮ್ಮ ತಗ್ಗಿನ ಪಕ್ಕದೋರು ಮೆಣಸಿನಕಾಯಿ ಬೆಳೀತಾರೆ, ಮಳೆ ಬಂದ್ರೆ ನಮ್ಮ ಹೊಲದ ನೀರು ಅವರ ಹೊಲಕ್ಕೆ ಇಳಿಯುತ್ತೆ. ಅವರಿಗೂ ಗಂಟು ತೋರಿಸಿ ಹೇಳಿದೀನಿ. ಇಬ್ಬರೂ ಸೇರಿ ನಡುವೆ ಬದು ಎತ್ತರಿಸಿ ಬಸಿಗಾಲುವೆ ಹೊಡೆಸ್ತಿದೀವಿ. ನಮ್ಮ ಹುಳ ಅವರ ಮೆಣಸಿನಕಾಯಿಗೆ ಹೋಗೋದು ಬೇಡ.

ಏಜೆಂಟ್ ಮತ್ತೆ ಬಂದಿದ್ದ. "ಹತ್ತು ಗಿಡ ಕೊಡಿ, ನೀವು ಹೇಳೋ ಡಬಲ್ ರೇಟೇ ಕೊಡ್ತೀನಿ. ನನ್ನ ಹೊಲದ ಮಣ್ಣಲ್ಲಿ ಕುಂಡದಲ್ಲಿ ಇಟ್ಟು ನಾಲ್ಕು ತಿಂಗಳು ನೋಡ್ತೀನಿ, ಗಂಟು ಬರಲಿಲ್ಲ ಅಂದ್ರೆ ಅರ್ಧ ಎಕರೆಗೂ ನಿಮ್ಮ ಹತ್ರವೇ" ಅಂದೆ. ಕನಿಷ್ಠ ಮುನ್ನೂರು ಗಿಡ ತಗೊಂಡ್ರೆ ಮಾತ್ರ ಅಂದ. ಬೇಡ ಅಂತ ಕಳಿಸಿದೆ. ಈ ಕಡೆ ಯಾರಿಗಾದ್ರೂ ಇದೇ ಮಾತು ಹೇಳ್ಕೊಂಡು ಬಂದ್ರೆ ನೀವೂ ಹೀಗೇ ಕೇಳಿ ನೋಡಿ.

ಗೂಟಿ ಕಟ್ಟಿದೀನಿ, ಮೇಲಿನ ಕಡೆ ಇನ್ನೂ ಚೆನ್ನಾಗಿರೋ ಗಿಡಗಳಲ್ಲಿ. ಮನೆ ಹಿಂದೆ ಹಳೇ ಕಲ್ಲುಚಪ್ಪಡಿ ಇದ್ದವು, ಅದರ ಮೇಲೆ ಜಾಗ ಮಾಡಿದೆ. ಗೂಟಿ ಗಿಡಕ್ಕೂ ನಿರೋಧಕ ಗುಣ ಇರಲ್ಲ, ಶುದ್ಧವಾಗಿರುತ್ತೆ ಅಷ್ಟೆ ಅನ್ನೋದು ಗೊತ್ತು. ಹಾಗಾಗಿ ಕಡ್ಲೆಕಾಯಿ ಕಿತ್ತ ಮೇಲೆ ಆ ಮಣ್ಣಿಗೆ ಟೊಮೆಟೊ ಸಸಿ ಇಟ್ಟು ನೋಡಿ, ಗಂಟು ಬರಲಿಲ್ಲ ಅಂದ್ರೆ ಮಾತ್ರ ಸೀಬೆ ಇಡೋದು ಅಂತ ತೀರ್ಮಾನ.

ಆದ್ರೂ ಬೇರುಸಸಿ ಆಸೆ ಬಿಟ್ಟಿಲ್ಲ. ಕಸಿಮನೆ ಅಣ್ಣ, ನಿಮ್ಮ ಹತ್ರ ಉಳಿದಿರೋ ಸ್ಟ್ರಾಬೆರಿ ಸೀಬೆಯಲ್ಲಿ ಬೀಜ ಸಿಗುತ್ತಾ? ಹಳದಿ ಹಣ್ಣಿನದ್ದೂ ಒಂದು ಬಗೆ ಇದೆಯಂತೆ, ಅದೂ ಯಾರ ಹತ್ರಾನಾದ್ರೂ ಇದ್ರೆ ಹೇಳಿ. ನಿಧಾನ ಬೆಳೆದ್ರೆ ಬೆಳೀಲಿ, ನನಗೆ ಅವಸರ ಇಲ್ಲ. ನೂರು ಸಸಿ ಮಾಡಿ, ಸಣ್ಣದಿದ್ದಾಗಲೇ ಪಕ್ಕದಲ್ಲಿ ತೈವಾನ್ ಗಿಡ ಇಟ್ಟು ಎರಡನ್ನೂ ಕೂಡಿಸೋ ಥರ ಕಸಿ ಕಟ್ಟಿದ್ರೆ, ಸಾಮೀಪ್ಯ ಕಸಿ ಅಂತಾರಲ್ಲ, ಅದರಲ್ಲಿ ಹಿಡಿಯೋದು ಜಾಸ್ತಿ ಆಗುತ್ತಾ ನೋಡಬೇಕು ಅಂತ.

ಕಸಿಮನೆ, ನಂಜನಗೂಡು ರಸ್ತೆ

ಸಾಮೀಪ್ಯ ಕಸಿ ನಾನು ಇದರ ಮೇಲೆ ಮಾಡಿಲ್ಲ ಅಕ್ಕ. ಎರಡೂ ಗಿಡ ತಮ್ಮ ತಮ್ಮ ಬೇರಿನ ಮೇಲೇ ಇರೋದ್ರಿಂದ ಒಣಗೋ ಭಯ ಇಲ್ಲ, ಹಿಡಿಯೋಕೆ ಹೆಚ್ಚು ದಿನ ಸಿಗುತ್ತೆ. ಮಾಡಿ ನೋಡೋಣ. ಆಮೇಲೆ ಕಸಿ ಜಾಗ ದಪ್ಪ ಸಣ್ಣ ಆಗೋ ತೊಂದರೆ ಅದರಲ್ಲೂ ಬರಬಹುದು, ಅದನ್ನ ಎರಡು ವರ್ಷ ಕಾದು ನೋಡಿದ್ರೇನೇ ತಿಳಿಯೋದು.

ಕೆಂಪು ಹಣ್ಣಿನ ಗಿಡ ನನ್ನ ಹತ್ರ ಇದೆ, ಈಗ ಕಾಯಿ ಕಟ್ಟಿದೆ. ಹಣ್ಣಾದ ತಕ್ಷಣ ಬೀಜ ತೊಳೆದು ನೆರಳಲ್ಲಿ ಆರ್ಸಿ ಇಟ್ಟಿರ್ತೀನಿ, ದುಡ್ಡು ಬೇಡ. ಮೈಸೂರು ಕಡೆ ಬಂದಾಗ ತಗೊಂಡು ಹೋಗಿ, ಇಲ್ಲಾಂದ್ರೆ ಬಸ್ಸಿಗೆ ಹಾಕ್ತೀನಿ. ಬರೋವಾಗ ನಿಮ್ಮ ತೈವಾನ್ ಗಿಡದ ಕಡ್ಡಿ ಸ್ವಲ್ಪ ತನ್ನಿ, ಒದ್ದೆ ಬಟ್ಟೆಯಲ್ಲಿ ಸುತ್ತಿ. ಬೇರು, ಮಣ್ಣು ಮಾತ್ರ ತರಬೇಡಿ. ಉಳಿದಿರೋ ಸ್ಟ್ರಾಬೆರಿ ಸಸಿಗಳ ಮೇಲೆ ನಾನೂ ಇನ್ನೊಂದು ಸಲ ಕಟ್ತೀನಿ. ಹಳದಿ ಹಣ್ಣಿನದ್ದು ನನ್ನ ಹತ್ರ ಇಲ್ಲ, ಗುಂಪಲ್ಲಿ ಕೊಡಗು ಕಡೆಯೋರು ಯಾರಾದ್ರೂ ಇದ್ರೆ ನಿಮ್ಮ ಎಸ್ಟೇಟ್ ಅಂಗಳದಲ್ಲಿ ಇದೆಯಾ ಅಂತ ದಯವಿಟ್ಟು ನೋಡಿ ಹೇಳಿ.